ಗುಣಿಸುವ ಮುನ್ನ ಕೇಳಬೇಕಾದ ಪ್ರಶ್ನೆ: ಸ್ವತಂತ್ರ ಘಟನೆಗಳು ಒಟ್ಟಿಗೆ ನಡೆಯುವ ಸಂಭವನೀಯತೆ

ಎರಡು ಘಟನೆಗಳು ಒಟ್ಟಿಗೆ ನಡೆಯುವ ಸಂಭವನೀಯತೆ ಬೇಕಾದಾಗ ಗುಣಿಸಬೇಕೋ, ಕೂಡಬೇಕೋ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪಿಯುಸಿ ವಿದ್ಯಾರ್ಥಿಗಳು ಕೇಳುತ್ತಾರೆ, ಅವರ ತಂದೆತಾಯಿ ಕೇಳುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಂತೂ ಬಿಡದೆ ಕೇಳುತ್ತಾರೆ. ಒಂದೇ ಮಾತಿನ ಉತ್ತರ ಸಾಕೆನ್ನುವವರಿಗೆ: ಗುಣಿಸಬೇಕು. ಆದರೆ ಆ ಉತ್ತರಕ್ಕೊಂದು ಷರತ್ತಿದೆ, ತಪ್ಪುಗಳು ಹೆಚ್ಚಾಗಿ ನಡೆಯುವುದು ಆ ಷರತ್ತಿನಲ್ಲೇ. ಗುಣಾಕಾರವನ್ನು ಕ್ಯಾಲ್ಕ್ಯುಲೇಟರ್ ಮಾಡಿಕೊಡುತ್ತದೆ. ಗುಣಿಸಲು ಅನುಮತಿ ಇದೆಯೇ ಎಂಬುದನ್ನು ನೀವೇ ನೋಡಬೇಕು. ಹಾಗಾಗಿ ಕೆಳಗಿನ ಹಂತಗಳಲ್ಲಿ ಮೂರನೆಯದು ಉಳಿದವುಗಳಿಗಿಂತ ಉದ್ದವಾಗಿದೆ. ಅದನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ.

ಏನೇನು ಬೇಕು

ಭಿನ್ನರಾಶಿಗಳನ್ನು ಗುಣಿಸಲು ಬಂದರೆ ಸಾಕು. ಒಂದು ಹಾಳೆ, ಪೆನ್ಸಿಲ್, ಮೊಬೈಲಿನ ಕ್ಯಾಲ್ಕ್ಯುಲೇಟರ್ ಹತ್ತಿರವಿರಲಿ.

ನಾಲ್ಕು ಪದಗಳು ಸ್ಪಷ್ಟವಾಗಿರಬೇಕು. ಫಲಿತ ಏನೆಂದು ಮೊದಲೇ ಹೇಳಲಾಗದ ಕೆಲಸ, ಉದಾಹರಣೆಗೆ ದಾಳ ಎಸೆಯುವುದು, ಒಂದು ಪ್ರಯೋಗ. ಅದರಲ್ಲಿ ನಮಗೆ ಆಸಕ್ತಿಯಿರುವ ಸಂಗತಿ, ಅಂದರೆ ‘6 ಬೀಳುವುದು’ ಅಥವಾ ‘ಸಮಸಂಖ್ಯೆ ಬೀಳುವುದು’, ಒಂದು ಘಟನೆ. ಆ ಘಟನೆ ನಡೆಯುವ ಸಾಧ್ಯತೆಯನ್ನು 0 ಮತ್ತು 1ರ ನಡುವಿನ ಸಂಖ್ಯೆಯಲ್ಲಿ ಹೇಳಿದರೆ ಅದು ಸಂಭವನೀಯತೆ. ನಡೆಯಲಾರದ್ದಕ್ಕೆ 0, ನಡೆದೇ ತೀರುವುದಕ್ಕೆ 1. ಇನ್ನು ಒಂದು ಘಟನೆ ನಡೆಯಿತೆಂಬ ಸುದ್ದಿ ತಿಳಿದ ಮೇಲೂ ಇನ್ನೊಂದರ ಸಂಭವನೀಯತೆ ಮೊದಲಿನಷ್ಟೇ ಉಳಿದರೆ ಅವೆರಡೂ ಸ್ವತಂತ್ರ ಘಟನೆಗಳು.

ಹಂತ 1: ಕೇಳಿದ್ದನ್ನು ಒಂದು ವಾಕ್ಯವಾಗಿ ಬರೆಯಿರಿ

ಲೆಕ್ಕದಲ್ಲಿರುವ ಮಾತು ‘ಮತ್ತು’ ಎಂದೋ, ‘ಅಥವಾ’ ಎಂದೋ, ‘ಕನಿಷ್ಠ ಒಂದು’ ಎಂದೋ, ‘ಸರಿಯಾಗಿ ಎರಡು’ ಎಂದೋ ನೋಡಿ. ‘ಮೊದಲ ದಾಳದಲ್ಲಿ 6 ಮತ್ತು ಎರಡನೆಯದರಲ್ಲಿ 6’ ಎಂದಿದ್ದರೆ ನೇರ ಗುಣಾಕಾರದ ದಾರಿ. ‘ಎರಡರಲ್ಲಿ ಒಂದಾದರೂ 6’ ಎಂದಿದ್ದರೆ ಆರನೆಯ ಹಂತಕ್ಕೆ ಹೋಗಬೇಕು. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವ ಎಷ್ಟೋ ಮಂದಿ ಗಣಿತದಲ್ಲಿ ಸೋತವರಲ್ಲ, ವಾಕ್ಯ ಓದುವುದರಲ್ಲಿ ಅವಸರ ಮಾಡಿದವರು.

ಹಂತ 2: ಪ್ರತಿ ಘಟನೆಯ ಸಂಭವನೀಯತೆಯನ್ನು ಬೇರೆಬೇರೆಯಾಗಿ ಕಂಡುಹಿಡಿಯಿರಿ

ನಾಣ್ಯ, ದಾಳ, ಇಸ್ಪೀಟಿನ ಎಲೆಗಳಲ್ಲಿ ಇದು ಸುಲಭ. ಫಲಿತಗಳೆಲ್ಲ ಸಮಾನ ಸಾಧ್ಯತೆಯವು, ಆದ್ದರಿಂದ ಬೇಕಾದವನ್ನು ಎಣಿಸಿ ಒಟ್ಟು ಫಲಿತಗಳಿಂದ ಭಾಗಿಸಿದರಾಯಿತು. ನಾಣ್ಯಕ್ಕೆ 1/2, ದಾಳದ 6ಕ್ಕೆ 1/6.

ಚೌಕಾಬಾರದ ಕವಡೆಗೆ ಬಂದಾಗ ಇದು ಕೆಲಸ ಮಾಡುವುದಿಲ್ಲ. ನಾಲ್ಕು ಕವಡೆ ಎಸೆಯುತ್ತೇವೆ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ, ಅಂದರೆ 8. (ಊರಿನಿಂದ ಊರಿಗೆ ನಿಯಮ ಬದಲಾಗುತ್ತದೆ, ನಿಮ್ಮ ಮನೆಯಲ್ಲಿ ಬೇರೆ ಪದ್ಧತಿಯಿದ್ದರೆ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಳ್ಳಿ.) ಕವಡೆಯ ಒಂದು ಮೈ ಉಬ್ಬಿದೆ, ಇನ್ನೊಂದು ಮೈಯಲ್ಲಿ ಸೀಳುಬಾಯಿ ಇದೆ. ಎರಡು ಬಗೆಯಲ್ಲಿ ಬೀಳಬಹುದು ಎಂದ ಮಾತ್ರಕ್ಕೆ ಎರಡಕ್ಕೂ ಅರ್ಧರ್ಧ ಸಂಭವನೀಯತೆ ಎಂದು ಹೇಳಲು ಯಾವ ಆಧಾರವೂ ಇಲ್ಲ. ತೇಯ್ದ ಹುಣಸೆ ಬೀಜಕ್ಕೂ ಇದೇ ಮಾತು. ಇಲ್ಲಿ ಎಸೆದು ಎಣಿಸುವುದೊಂದೇ ದಾರಿ. ನಿಮ್ಮ ಕವಡೆಯನ್ನು ನೂರಾರು ಸಲ ಎಸೆದಾಗ ಹೆಚ್ಚುಕಡಿಮೆ ನೂರಕ್ಕೆ 40ರಂತೆ ಅಂಗಾತ ಬಿದ್ದಿತೆಂದು ಇಟ್ಟುಕೊಳ್ಳೋಣ. ಆಗ ಅಂಗಾತಕ್ಕೆ 0.4, ಬೋರಲಿಗೆ 0.6.

‘ಸ್ವತಂತ್ರ’ ಮತ್ತು ‘ಸಮಾನ ಸಾಧ್ಯತೆ’ ಎರಡೂ ಒಂದೇ ಎಂದು ತಿಳಿದವರು ಬಹಳ. ಒಂದು ಕವಡೆ ಇನ್ನೊಂದು ಕವಡೆಯ ಮೇಲೆ ಪ್ರಭಾವ ಬೀರುವುದಿಲ್ಲ, ಆದ್ದರಿಂದ ಅವು ಸ್ವತಂತ್ರ. ಆದರೂ ಅಂಗಾತ ಮತ್ತು ಬೋರಲು ಸಮಾನ ಸಾಧ್ಯತೆಯವಲ್ಲ.

ಹಂತ 3: ನಿಜವಾಗಿ ಸ್ವತಂತ್ರವೇ ಎಂದು ಪರೀಕ್ಷಿಸಿ

ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಮೊದಲನೆಯದು ನಡೆಯಿತು ಎಂದು ಯಾರಾದರೂ ಬಂದು ಹೇಳಿದರೆ, ಎರಡನೆಯದರ ಬಗ್ಗೆ ನನ್ನ ಅಂದಾಜು ಬದಲಾಗುತ್ತದೆಯೇ? ಬದಲಾಗುತ್ತದೆ ಎಂದಾದರೆ ನೇರವಾಗಿ ಗುಣಿಸುವಂತಿಲ್ಲ.

ಸ್ವಾತಂತ್ರ್ಯ ತಪ್ಪುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಒಂದು, ಮೊದಲ ಘಟನೆಯೇ ಎರಡನೆಯದರ ಪರಿಸ್ಥಿತಿಯನ್ನು ಬದಲಿಸಿಬಿಡುವುದು. 52 ಎಲೆಗಳ ಇಸ್ಪೀಟು ಕಟ್ಟಿನಿಂದ ಒಂದು ಎಲೆ ತೆಗೆದಾಗ ಎಕ್ಕ ಬರುವ ಸಂಭವನೀಯತೆ 4/52. ಅದನ್ನು ಮತ್ತೆ ಕಟ್ಟಿಗೆ ಸೇರಿಸಿ, ಚೆನ್ನಾಗಿ ಕಲೆಸಿ ಇನ್ನೊಂದು ತೆಗೆದರೆ ಆಗಲೂ 4/52; ಎರಡೂ ಎಕ್ಕವಾಗುವ ಸಂಭವನೀಯತೆ 1/13 × 1/13 = 1/169. ವಾಪಸು ಇಡದೆ ತೆಗೆದರೆ ಉಳಿದ 51 ಎಲೆಗಳಲ್ಲಿ ಎಕ್ಕ ಮೂರೇ. ಆಗ 4/52 × 3/51 = 1/221. ಲೆಕ್ಕದಲ್ಲಿ ‘ಮರಳಿ ಇಟ್ಟು’, ‘ಮರಳಿ ಇಡದೆ’ ಎಂಬ ಮಾತು ಕಂಡಲ್ಲಿ ಅಡಿಗೆರೆ ಹಾಕಿ.

ಎರಡನೆಯ ರೀತಿ ಕಣ್ಣಿಗೆ ಬೀಳುವುದಿಲ್ಲ. ಘಟನೆಗಳು ಒಂದನ್ನೊಂದು ಮುಟ್ಟದಿದ್ದರೂ ಎರಡರ ಹಿಂದೆಯೂ ಒಂದೇ ಕಾರಣ ಇರಬಹುದು. ತೋಟದಲ್ಲಿ ಎರಡು ಪಂಪ್‌ಸೆಟ್ ಇವೆ, ಎರಡಕ್ಕೂ ಒಂದೇ ಟಿ.ಸಿ.ಯಿಂದ, ಅಂದರೆ ಒಂದೇ ಟ್ರಾನ್ಸ್‌ಫಾರ್ಮರಿನಿಂದ ವಿದ್ಯುತ್ತು ಬರುತ್ತದೆ ಎಂದುಕೊಳ್ಳಿ. ಯಾವುದೋ ಒಂದು ದಿನ ಒಂದು ಮೋಟಾರು ಕೆಟ್ಟಿರುವ ಸಂಭವನೀಯತೆ 0.05, ಟಿ.ಸಿ. ಕೆಟ್ಟಿರುವುದು 0.05 ಎಂದಿರಲಿ. ಒಂದು ಪಂಪು ಓಡದಿರುವ ಒಟ್ಟು ಸಂಭವನೀಯತೆ 1 − 0.95 × 0.95 = 0.0975. ಎರಡೂ ಓಡದಿರುವುದಕ್ಕೆ ಅವಸರದ ಲೆಕ್ಕ 0.0975 × 0.0975, ಸುಮಾರು 0.0095. ನೂರಕ್ಕೆ ಒಂದಕ್ಕಿಂತ ಕಡಿಮೆ, ಚಿಂತೆಯಿಲ್ಲ ಎನ್ನಿಸುತ್ತದೆ. ಸರಿಯಾದ ಲೆಕ್ಕ ಹೀಗಿದೆ: ಟಿ.ಸಿ. ಕೆಟ್ಟರೆ ಎರಡೂ ನಿಂತವು, ಅದು 0.05. ಟಿ.ಸಿ. ಸರಿಯಿದ್ದು ಎರಡು ಮೋಟಾರುಗಳೂ ತಾವಾಗಿ ಕೆಡುವುದು 0.95 × 0.05 × 0.05, ಅಂದರೆ 0.0024ರಷ್ಟು. ಒಟ್ಟು 0.0524. ಅವಸರದ ಉತ್ತರಕ್ಕಿಂತ ಐದು ಪಟ್ಟಿಗೂ ಹೆಚ್ಚು! ಎರಡನೆಯ ಪಂಪು ಕೊಂಡ ದುಡ್ಡು ಹೆಚ್ಚೇನೂ ರಕ್ಷಣೆ ಕೊಡಲಿಲ್ಲ. ಆಗುಂಬೆಯಲ್ಲಿ ಜುಲೈನಲ್ಲಿ ಇಂದು ಮಳೆ, ನಾಳೆ ಮಳೆ. ಒಂದೇ ಹಳಿಯಲ್ಲಿ ಹಿಂದೆಮುಂದೆ ಬರುವ ಎರಡು ರೈಲುಗಳ ವಿಳಂಬ. ಒಂದೇ ಮನೆಯ ಇಬ್ಬರಿಗೆ ಜ್ವರ. ಇವೆಲ್ಲ ಇದೇ ಜಾತಿಯವು.

ಅಂಕಿಗಳು ಸಿಕ್ಕರೆ ಊಹೆಯನ್ನು ಬಿಟ್ಟು ಎಣಿಸಿಯೇ ನೋಡಬಹುದು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಓದುವ ಮೆಂಡಲ್‌ನ ಬಟಾಣಿ ಇದಕ್ಕೆ ಒಳ್ಳೆಯ ಉದಾಹರಣೆ. 1866ರಲ್ಲಿ ಅಚ್ಚಾದ ಅವನ ಪ್ರಬಂಧದಲ್ಲಿ 556 ಬೀಜಗಳ ಲೆಕ್ಕವಿದೆ: ದುಂಡು ಹಳದಿ 315, ಸುಕ್ಕು ಹಳದಿ 101, ದುಂಡು ಹಸಿರು 108, ಸುಕ್ಕು ಹಸಿರು 32. ಹಳದಿ ಬೀಜಗಳಲ್ಲಿ ದುಂಡಗಿನವು 315/416, ಅಂದರೆ ಸುಮಾರು 0.76. ಹಸಿರು ಬೀಜಗಳಲ್ಲಿ ದುಂಡಗಿನವು 108/140, ಸುಮಾರು 0.77. ಬಣ್ಣ ಯಾವುದೆಂದು ತಿಳಿದರೂ ಆಕಾರದ ಅಂದಾಜು ಬದಲಾಗುತ್ತಿಲ್ಲ. ಹಾಗಾಗಿಯೇ 3/4 × 3/4 = 9/16 ಎಂದು ಗುಣಿಸಬಹುದು, ಪಾಠದಲ್ಲಿ ಬರುವ 9:3:3:1ರ ಮೊದಲ 9 ಹುಟ್ಟುವುದು ಅಲ್ಲಿಂದ. 556ರ 9/16 ಎಂದರೆ 312.75, ಅವನಿಗೆ ಸಿಕ್ಕಿದ್ದು 315. ನಿಮ್ಮ ಕೈಯಲ್ಲಿ ಇಂಥ ಪಟ್ಟಿ ಇದ್ದರೆ ಹೀಗೆಯೇ ಎರಡು ಗುಂಪುಗಳಾಗಿ ಒಡೆದು ಪ್ರಮಾಣಗಳನ್ನು ಹೋಲಿಸಿ. ತೀರಾ ಒಂದೇ ಬರಬೇಕಿಲ್ಲ, ಹತ್ತಿರ ಬಂದರೆ ಸಾಕು.

ಒಂದು ಸೋಜಿಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ವಾತಂತ್ರ್ಯಕ್ಕೆ ಎರಡು ಬೇರೆ ವಸ್ತುಗಳೇ ಬೇಕೆಂದಿಲ್ಲ. ಒಂದೇ ಎಲೆ ತೆಗೆದಾಗ ‘ಅದು ಎಕ್ಕ’ ಮತ್ತು ‘ಅದು ಆಟೀನು’ ಎಂಬ ಘಟನೆಗಳು ಸ್ವತಂತ್ರ: 1/13 × 1/4 = 1/52, ಆಟೀನು ಎಕ್ಕ ಇರುವುದೂ 52ರಲ್ಲಿ ಒಂದೇ. ಕಟ್ಟಿನಿಂದ ಆಟೀನಿನ 2ರ ಎಲೆ ಕಳೆದುಹೋಗಿದ್ದರೆ? ಈಗ 51 ಎಲೆ. 4/51 × 12/51 ಎಂದರೆ ಸುಮಾರು 0.0185, ಆಟೀನು ಎಕ್ಕದ ನಿಜವಾದ ಸಂಭವನೀಯತೆ 1/51, ಸುಮಾರು 0.0196. ಒಂದು ಎಲೆ ಕಳೆದದ್ದಕ್ಕೆ ಸ್ವಾತಂತ್ರ್ಯವೂ ಹೋಯಿತು.

ಹಂತ 4: ಈಗ ಗುಣಿಸಿ

ಕವಡೆಗಳು ಸ್ವತಂತ್ರ ಎಂದಾಯಿತು. ಚೌಕ ಬೀಳಲು ನಾಲ್ಕೂ ಅಂಗಾತವಾಗಬೇಕು: 0.4 × 0.4 × 0.4 × 0.4 = 0.0256. ಬಾರಾ ಬೀಳಲು ನಾಲ್ಕೂ ಬೋರಲಾಗಬೇಕು: 0.6 × 0.6 × 0.6 × 0.6 = 0.1296. ಒಂದೊಂದು ಕವಡೆಯಲ್ಲಿ 0.4 ಮತ್ತು 0.6ರ ಸಣ್ಣ ಅಂತರ, ನಾಲ್ಕು ಕೂಡಿದಾಗ ಐದು ಪಟ್ಟು ವ್ಯತ್ಯಾಸವಾಗಿ ಬೆಳೆದದ್ದನ್ನು ಗಮನಿಸಿ. ಅರ್ಧರ್ಧ ಎಂದು ಊಹಿಸಿದ್ದರೆ ಎರಡಕ್ಕೂ 1/16, ಅಂದರೆ 0.0625 ಎಂಬ ಉತ್ತರ ಬಂದು ಎರಡೂ ತಪ್ಪಾಗುತ್ತಿದ್ದವು.

ಗುಣಿಸಿದ ಮೇಲೆ ಬಂದ ಉತ್ತರ ಪ್ರತಿ ಬಿಡಿ ಸಂಭವನೀಯತೆಗಿಂತ ಚಿಕ್ಕದಾಗಿರಬೇಕು ಅಥವಾ ಹೆಚ್ಚೆಂದರೆ ಸಮನಾಗಿರಬೇಕು. ದೊಡ್ಡದು ಬಂದಿದ್ದರೆ ಎಲ್ಲೋ ಕೂಡಿದ್ದೀರಿ. ಶೇಕಡಾದಲ್ಲಿ ಲೆಕ್ಕ ಮಾಡುವವರಿಗೆ ಇನ್ನೊಂದು ಎಚ್ಚರಿಕೆ: ಶೇ 30 ಮತ್ತು ಶೇ 20ನ್ನು ಗುಣಿಸಿದರೆ ಶೇ 600 ಅಲ್ಲ, ಶೇ 6. ಮೊದಲು 0.3, 0.2 ಎಂದು ದಶಮಾಂಶಕ್ಕೆ ತನ್ನಿ.

ಹಂತ 5: ‘ಸರಿಯಾಗಿ ಇಷ್ಟು’ ಎಂದು ಕೇಳಿದ್ದರೆ, ಎಷ್ಟು ಬಗೆಯಲ್ಲಿ ಎಂದು ಎಣಿಸಿ

ಗರ 2 ಬೀಳಬೇಕು. ಎರಡು ಅಂಗಾತ, ಎರಡು ಬೋರಲು: 0.4 × 0.4 × 0.6 × 0.6 = 0.0576. ಇಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ಇದು ‘ಮೊದಲೆರಡು ಕವಡೆ ಅಂಗಾತ, ಕೊನೆಯೆರಡು ಬೋರಲು’ ಎಂಬ ಒಂದೇ ಕ್ರಮದ ಲೆಕ್ಕ. ನಾಲ್ಕರಲ್ಲಿ ಅಂಗಾತ ಬೀಳುವ ಎರಡನ್ನು 6 ಬಗೆಯಲ್ಲಿ ಆರಿಸಬಹುದು. ನಂಬಿಕೆ ಬರದಿದ್ದರೆ ಬರೆದು ನೋಡಿ: 1-2, 1-3, 1-4, 2-3, 2-4, 3-4. ಉತ್ತರ 6 × 0.0576 = 0.3456. ಹಾಗೆಯೇ ಗರ 1ಕ್ಕೆ 4 × 0.4 × 0.6 × 0.6 × 0.6 = 0.3456, ಗರ 3ಕ್ಕೆ 4 × 0.4 × 0.4 × 0.4 × 0.6 = 0.1536. ಬಾರಾದಿಂದ ಚೌಕದವರೆಗೆ ಐದೂ ಉತ್ತರಗಳನ್ನು ಕೂಡಿ ನೋಡಿ, ಸರಿಯಾಗಿ 1 ಬರುತ್ತದೆ. ಬರದಿದ್ದರೆ ಯಾವುದೋ ಕ್ರಮವನ್ನು ಬಿಟ್ಟಿದ್ದೀರಿ.

ಹಂತ 6: ‘ಕನಿಷ್ಠ ಒಂದು’ ಎಂದರೆ ತಿರುವಿಹಾಕಿ

ಒಂದು ದಾಳವನ್ನು 4 ಸಲ ಎಸೆದರೆ ಒಮ್ಮೆಯಾದರೂ 6 ಬೀಳುವ ಸಂಭವನೀಯತೆ ಎಷ್ಟು? 1/6ನ್ನು ನಾಲ್ಕು ಸಲ ಕೂಡಿ 4/6 ಎನ್ನಬೇಡಿ. ಹಾಗೆ ಕೂಡುತ್ತಾ ಹೋದರೆ 7 ಎಸೆತಕ್ಕೆ ಸಂಭವನೀಯತೆ 1ನ್ನು ಮೀರಿಬಿಡುತ್ತದೆ. ಬದಲಿಗೆ ಪೂರಕ ಘಟನೆಯನ್ನು, ಅಂದರೆ ‘ಒಮ್ಮೆಯೂ 6 ಬೀಳದಿರುವುದ’ನ್ನು ಹಿಡಿಯಿರಿ. ಅದು 5/6ರ ನಾಲ್ಕು ಸಲದ ಗುಣಲಬ್ಧ, 625/1296, ಸುಮಾರು 0.482. 1ರಿಂದ ಕಳೆದರೆ 0.518.

ಇದು ಹಳೆಯ ಜಗಳ. ಒಂದು ದಾಳದಲ್ಲಿ 6 ಬೀಳುವ ಸಂಭವನೀಯತೆ ಅರ್ಧವನ್ನು ಮೀರಲು 4 ಎಸೆತ ಸಾಕಾದರೆ, ಜೋಡಿ ದಾಳದಲ್ಲಿ ಎರಡೂ 6 ಬೀಳಲು ಅದೇ ಪ್ರಮಾಣದಲ್ಲಿ 24 ಎಸೆತ ಸಾಕಾಗಬೇಕಲ್ಲವೇ, 4/6 ಮತ್ತು 24/36 ಒಂದೇ ತಾನೇ ಎಂಬುದು ಫ್ರಾನ್ಸಿನ ಷೆವಾಲಿಯೆ ದ ಮೆರೆಯ ವಾದವಾಗಿತ್ತು. 1654ರಲ್ಲಿ ಗಣಿತಜ್ಞ ಪಾಸ್ಕಲ್ ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಬರೆದ ಪತ್ರದಲ್ಲಿ ಈ ತಕರಾರಿನ ಪ್ರಸ್ತಾಪವಿದೆ. 35/36ನ್ನು 24 ಸಲ ಗುಣಿಸಿ 1ರಿಂದ ಕಳೆಯಿರಿ: ಸುಮಾರು 0.491. ಅರ್ಧಕ್ಕಿಂತ ಕಡಿಮೆ. ಪಣ ಕಟ್ಟಿದವನು ನಿಧಾನವಾಗಿ ಸೋಲುತ್ತಾನೆ.

ಪರೀಕ್ಷೆಯ ಲೆಕ್ಕವನ್ನೂ ನೋಡೋಣ. ಕರ್ನಾಟಕದ ಸಿಇಟಿಯಲ್ಲಿ ಒಂದೊಂದು ಪ್ರಶ್ನೆಗೆ ನಾಲ್ಕು ಆಯ್ಕೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಏನೂ ಗೊತ್ತಿಲ್ಲದ 10 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಒಂದಾದರೂ ಸರಿಯಾಗುವ ಸಂಭವನೀಯತೆ: 0.75ನ್ನು 10 ಸಲ ಗುಣಿಸಿದರೆ ಸುಮಾರು 0.056, ಕಳೆದಾಗ 0.944. ಆದ್ದರಿಂದ ಖಾಲಿ ಬಿಡಬೇಡಿ. ಹತ್ತೂ ಸರಿಯಾಗುವುದೇ? 1/4ನ್ನು 10 ಸಲ ಗುಣಿಸಿ: 10,48,576ರಲ್ಲಿ ಒಂದು. ಈ ಸಂಖ್ಯೆಯನ್ನು ನೆನಪಿಡಿ, ಕೆಳಗೆ ಇನ್ನೊಮ್ಮೆ ಬರುತ್ತದೆ.

ಸ್ವತಂತ್ರವಲ್ಲದಿದ್ದರೆ

ಆಗಲೂ ಗುಣಿಸಬಹುದು, ಆದರೆ ಎರಡನೆಯ ಸಂಖ್ಯೆ ಬದಲಾಗಬೇಕು: ಮೊದಲನೆಯದರ ಸಂಭವನೀಯತೆ × ಮೊದಲನೆಯದು ನಡೆದಿದ್ದಾಗ ಎರಡನೆಯದರ ಸಂಭವನೀಯತೆ. ಈ ಎರಡನೆಯದಕ್ಕೆ ಷರತ್ತುಬದ್ಧ ಸಂಭವನೀಯತೆ ಎನ್ನುತ್ತಾರೆ. ಮೇಲಿನ 4/52 × 3/51ರಲ್ಲಿ 3/51 ಅದೇ.

ಜಾರುವ ಜಾಗಗಳು

ಒಂದು ದಾಳದ ಒಂದೇ ಎಸೆತದಲ್ಲಿ 2 ಮತ್ತು 5 ಎರಡೂ ಬೀಳುವ ಸಂಭವನೀಯತೆ 1/36 ಎಂದು ಬರೆದ ಉತ್ತರಪತ್ರಿಕೆಗಳಿಗೆ ಕೊರತೆಯಿಲ್ಲ. ಉತ್ತರ 0. ಒಂದು ನಡೆದರೆ ಇನ್ನೊಂದು ನಡೆಯಲಾರದ ಘಟನೆಗಳು ಪರಸ್ಪರ ವರ್ಜಕ. ಅವು ಸ್ವತಂತ್ರವಲ್ಲ, ಮೊದಲನೆಯದರ ಸುದ್ದಿ ಎರಡನೆಯದನ್ನು ಪೂರ್ತಿ ಅಳಿಸಿಹಾಕುತ್ತದೆ, ಅದಕ್ಕಿಂತ ಗಟ್ಟಿ ಅವಲಂಬನೆ ಇನ್ನೇನಿದೆ?

ಇನ್ನೊಂದು ಟಾಸಿನದು. 2023ರ ನವೆಂಬರಿನಲ್ಲಿ ಅಹಮದಾಬಾದಿನ ವಿಶ್ವಕಪ್ ಫೈನಲ್‌ನಿಂದ ಹಿಡಿದು ಭಾರತದ ಪುರುಷರ ತಂಡ ಏಕದಿನ ಪಂದ್ಯಗಳಲ್ಲಿ ಸಾಲಾಗಿ 20 ಟಾಸ್ ಸೋತಿತು. 2025ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ಕೆ.ಎಲ್. ರಾಹುಲ್ ಟಾಸ್ ಗೆದ್ದು ಆ ಸರಣಿಯನ್ನು ಮುರಿದರು. 1/2ನ್ನು 20 ಸಲ ಗುಣಿಸಿದರೆ 10,48,576ರಲ್ಲಿ ಒಂದು, ಸಿಇಟಿಯ ಆ ಹತ್ತು ಕುರುಡು ಉತ್ತರಗಳಷ್ಟೇ. ‘20 ಸೋತ ಮೇಲೆ ಈ ಸಲ ಗೆಲ್ಲಲೇಬೇಕು’ ಎಂದವರು ಎಷ್ಟೋ ಮಂದಿ. ನಾಣ್ಯಕ್ಕೆ ನೆನಪಿಲ್ಲ, 21ನೆಯ ಟಾಸಿನ ಸಂಭವನೀಯತೆಯೂ 1/2. ಹತ್ತು ಲಕ್ಷದ ಆ ಅಂಕಿಯನ್ನು ಕೇಳಿ ಬೆಚ್ಚಿಬೀಳಬೇಕಾಗಿಯೂ ಇಲ್ಲ. ಅದು ‘ಇಂಥ ದಿನದಿಂದ, ಇಂಥ ತಂಡ’ ಎಂದು ಮೊದಲೇ ಹೇಳಿಟ್ಟಿದ್ದರೆ ಮಾತ್ರ ಸರಿ. ನಾವೋ ಸರಣಿ ಬೆಳೆದ ಮೇಲೆ ಹಿಂದಕ್ಕೆ ಹೋಗಿ ಅದರ ಆರಂಭವನ್ನು ಗುರುತಿಸಿದೆವು. ಎಷ್ಟೊಂದು ತಂಡಗಳು, ಎಷ್ಟೊಂದು ವರ್ಷಗಳ ಪಂದ್ಯಗಳು; ಎಲ್ಲೋ ಯಾರಿಗೋ ಇಂಥದ್ದೊಂದು ಸರಣಿ ಬೀಳುವ ಸಂಭವನೀಯತೆ ಅದಕ್ಕಿಂತ ಎಷ್ಟೋ ದೊಡ್ಡದು.

ಮೂರನೆಯದರಲ್ಲಿ ಒಬ್ಬ ತಾಯಿ ಜೈಲಿಗೆ ಹೋದಳು. ಇಂಗ್ಲೆಂಡಿನ ವಕೀಲೆ ಸ್ಯಾಲಿ ಕ್ಲಾರ್ಕ್ ಅವರ ಇಬ್ಬರು ಗಂಡುಮಕ್ಕಳು, ಒಬ್ಬನು 1996ರಲ್ಲಿ, ಇನ್ನೊಬ್ಬನು 1998ರಲ್ಲಿ, ಹಸುಗೂಸುಗಳಾಗಿದ್ದಾಗಲೇ ಇದ್ದಕ್ಕಿದ್ದಂತೆ ತೀರಿಕೊಂಡರು. ತಾಯಿಯ ಮೇಲೆ ಕೊಲೆ ಆರೋಪ ಬಂತು. 1999ರ ವಿಚಾರಣೆಯಲ್ಲಿ ಮಕ್ಕಳ ತಜ್ಞ ರಾಯ್ ಮೆಡೋ ಸಾಕ್ಷಿ ನುಡಿದರು: ಅಂಥ ಸ್ಥಿತಿವಂತ, ಧೂಮಪಾನವಿಲ್ಲದ ಕುಟುಂಬದಲ್ಲಿ ಒಂದು ಕೂಸು ಹಾಗೆ ಹಠಾತ್ತನೆ ಸಾಯುವ ಸಂಭವನೀಯತೆ 8,543ರಲ್ಲಿ ಒಂದು, ಎರಡಕ್ಕೆ 8,543 × 8,543, ಸುಮಾರು 7.3 ಕೋಟಿಯಲ್ಲಿ ಒಂದು. ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿದ್ದು ಮೂರನೆಯ ಹಂತ. ಅದೇ ತಂದೆತಾಯಿ, ಅದೇ ವಂಶವಾಹಿಗಳು, ಅದೇ ಮನೆ. ಒಂದು ಮಗು ಹಾಗೆ ಸತ್ತ ಕುಟುಂಬದಲ್ಲಿ ಇನ್ನೊಂದಕ್ಕೂ ಅಪಾಯ ಹೆಚ್ಚಿರಬಹುದು ಎಂಬುದನ್ನು ಯಾರೂ ಪರೀಕ್ಷಿಸಲಿಲ್ಲ. ಅದರ ಮೇಲೆ ಎರಡನೆಯ ತಪ್ಪು ಸೇರಿಕೊಂಡಿತು: 7.3 ಕೋಟಿಯಲ್ಲಿ ಒಂದು ಎಂಬುದನ್ನು ಆಕೆ ನಿರಪರಾಧಿಯಾಗಿರುವ ಸಂಭವನೀಯತೆ ಎಂಬಂತೆ ಓದಿಕೊಳ್ಳಲಾಯಿತು. ತಾಯಿಯೊಬ್ಬಳು ಇಬ್ಬರು ಮಕ್ಕಳನ್ನು ಕೊಲ್ಲುವುದೂ ಅತಿ ಅಪರೂಪವೇ. ಎರಡು ಅಪರೂಪಗಳನ್ನು ಪಕ್ಕಪಕ್ಕ ಇಟ್ಟು ತೂಗಬೇಕಿತ್ತು. 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ಅಂಕಿಗೆ ಸಂಖ್ಯಾಶಾಸ್ತ್ರದ ಆಧಾರವಿಲ್ಲ ಎಂದು ಬಹಿರಂಗವಾಗಿ ಹೇಳಿತು. 2003ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿತು. ಮುಖ್ಯ ಕಾರಣ ಆಗ ಹೊರಬಂದ, ಮೊದಲು ಪ್ರತಿವಾದಿಗಳಿಗೆ ಕೊಡದಿದ್ದ ಪ್ರಯೋಗಾಲಯದ ವರದಿ. ಆದರೆ ನ್ಯಾಯಾಲಯ ಆ ಅಂಕಿಯನ್ನೂ ಟೀಕಿಸಿತು. ಆಕೆ 2007ರಲ್ಲಿ ತೀರಿಕೊಂಡರು.

ಮಾಡಿ ನೋಡಿ

1. ಮೇಲಿನ ಕವಡೆಗಳಲ್ಲೇ ಸತತ ಎರಡು ಎಸೆತಕ್ಕೆ ಚೌಕ ಬೀಳುವ ಸಂಭವನೀಯತೆ ಎಷ್ಟು?

2. ಮೂವರು ಗೆಳತಿಯರು. ಮೂವರೂ ವಾರದ ಒಂದೇ ದಿನ ಹುಟ್ಟಿರುವ ಸಂಭವನೀಯತೆ? ಏಳು ದಿನಗಳೂ ಸಮಾನ ಸಾಧ್ಯತೆಯವು ಎಂದು ಇಟ್ಟುಕೊಳ್ಳಿ.

3. ಒಂದು ಗಿರಣಿಯ ಎರಡು ಯಂತ್ರಗಳು ಒಂದೇ ವೋಲ್ಟೇಜ್ ಸ್ಟೆಬಿಲೈಸರಿಗೆ ಜೋಡಿಸಿವೆ. ಒಂದೊಂದೂ ಯಾವುದೋ ಒಂದು ದಿನ ನಿಂತಿರುವ ಸಂಭವನೀಯತೆ 0.1. ಎರಡೂ ನಿಂತಿರುವ ಸಂಭವನೀಯತೆ 0.01 ಎನ್ನಬಹುದೇ?

ಉತ್ತರಗಳು: ಮೊದಲನೆಯದು 0.0256 × 0.0256, ಅಂದರೆ ಸುಮಾರು 0.00066, ಹೆಚ್ಚುಕಡಿಮೆ ಒಂದೂವರೆ ಸಾವಿರ ಸಲಕ್ಕೆ ಒಮ್ಮೆ. ಎರಡನೆಯದು 1/343 ಅಲ್ಲ, 1/49. ಮೊದಲ ಗೆಳತಿ ಯಾವ ದಿನವಾದರೂ ಹುಟ್ಟಿರಲಿ, ಉಳಿದಿಬ್ಬರು ಆ ದಿನಕ್ಕೆ ಹೊಂದಿದರೆ ಸಾಕು. 1/343 ಎಂಬುದು ‘ಮೂವರೂ ಸೋಮವಾರ’ ಎಂದು ದಿನವನ್ನೂ ಗೊತ್ತುಮಾಡಿ ಕೇಳಿದರೆ ಬರುವ ಉತ್ತರ. ಮೂರನೆಯದಕ್ಕೆ 0.01 ಎನ್ನುವಂತಿಲ್ಲ: ಸ್ಟೆಬಿಲೈಸರು ಕೆಟ್ಟರೆ ಎರಡೂ ಒಟ್ಟಿಗೆ ನಿಲ್ಲುತ್ತವೆ, ಆದ್ದರಿಂದ ಉತ್ತರ 0.01ಕ್ಕಿಂತ ಹೆಚ್ಚು. ಎಷ್ಟು ಹೆಚ್ಚು ಎಂದು ಹೇಳಲು ಸ್ಟೆಬಿಲೈಸರು ಕೆಡುವ ಸಂಭವನೀಯತೆ ಬೇಕು, ಅದನ್ನು ಪ್ರಶ್ನೆಯಲ್ಲಿ ಕೊಟ್ಟಿಲ್ಲ.